ಮುತ್ತನ ಬಾಯಿಗೆ ಊರು ಬಿಟ್ಟ ನೀರು

ಬೀಜಾಡಿ, 1966

ಸರಕಾರಿ ಆಸ್ಪತ್ರೆಯ ಹಿರಿಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ, ತಲೆ ಒಡೆದುಕೊಂಡು ಬಂದ ನಮ್ಮ ಮುತ್ತನ ತಲೆಯನ್ನು ತಾವು ಚೆನ್ನಾಗಿ ಹೊಲಿದಿರಿ. ಅದಕ್ಕೆ ಊರವರೆಲ್ಲರ ನಮಸ್ಕಾರ. ಆದರೆ ಈಗ ಅವನ ಎದೆಗೆ ಸೋಂಕು ಹತ್ತಿ ಜ್ವರ ಏರಿದೆ. ಅವನನ್ನು ನೋಡಿಕೊಳ್ಳಬಲ್ಲ ಹೆಂಡತಿ ವನಜಳನ್ನು ತಾವು ವಾರ್ಡಿನ ಹೊರಗೆ ನಿಲ್ಲಿಸಿದ್ದೀರಿ. ನನ್ನ ತಕರಾರು ಇಷ್ಟೇ. ತಮ್ಮ ಕೋಣೆಯ ಬಾಗಿಲಲ್ಲಿ ಕಾದು ಸಾಕಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಉಳಿದದ್ದು ಕಥೆ, ನಮ್ಮ ಕಡೆ ಕಥೆ ಹೇಳದೆ ಯಾರೂ ತಕರಾರು ಹೇಳುವುದಿಲ್ಲ.

ಮಳೆಗಾಲ ಮುಗಿದು ದೋಣಿಯನ್ನು ಕಡಲಿಗೆ ನೂಕುವಾಗ ಅದು ತೆರೆಗೆ ಸಿಕ್ಕಿ ತಿರುಗಿತು, ಅಂಚು ಮುತ್ತನ ತಲೆಗೆ ಬಡಿಯಿತು. ಆಸ್ಪತ್ರೆಗೆ ತಂದಾಗ ಎಚ್ಚರವಿರಲಿಲ್ಲ. "ಈಗಲೇ ಏನೂ ಹೇಳಲಾಗದು" ಎಂದಿರಿ. ವೈದ್ಯರಾಗಿ ಸರಿಯಾದ ಮಾತೇ. ಆದರೆ ಆ ಮಾತು ಬೀಜಾಡಿ ತಲುಪಿದ ಮೇಲೆ ಜನ ಸುಮ್ಮನೆ ಕೂರುತ್ತಾರೆಯೇ? ಹೋಗುವ ಜೀವದ ಬಾಯಿಗೆ ತಮ್ಮ ಕೈಯಿಂದ ಒಂದು ಚಮಚ ನೀರು ಬಿಡದಿದ್ದರೆ ಋಣ ತೀರದೆಂಬುದು ಹಿರಿಯರಿಂದ ಬಂದ ನಂಬಿಕೆ. ಸಂಜೆಯ ಭೇಟಿಯ ಹೊತ್ತಿಗೆ ಊರಿಗೆ ಊರೇ ಬಸ್ಸಿಳಿಯಿತು. ಬಲೆ ಎಳೆಯಲು ಕರೆದರೂ ಅಷ್ಟು ಜನ ಬರುವುದಿಲ್ಲ.

ಎಲ್ಲರಿಗಿಂತ ಮುಂದೆ ಮುತ್ತನ ಸೋದರತ್ತೆ ಪದ್ದಕ್ಕ. ವನಜ ಅಡ್ಡ ನಿಂತಳು.

"ಅತ್ತೇ, ಅವ್ರ್ ಸಾಯ್ತಿಲ್ಲೆ, ಮಲ್ಕಂಡಿದ್ರ್ ಅಷ್ಟೇ!"

"ನಿಂಗೆಂತ ಗೊತ್ತಿತ್ ಹೆಣ್ಣೇ? ನಾನ್ ಎತ್ತಿ ಆಡ್ಸಿದ್ ಮಗು ಅದ್. ಆಚಿಗ್ ಸರಿ."

ಪದ್ದಕ್ಕ ಒಂದು ಚಮಚ ನೀರು ಬಿಟ್ಟೇಬಿಟ್ಟರು. ಅವರ ಬೆನ್ನಿಗೆ ದೋಣಿಯ ಜೊತೆಗಾರ ಮಂಜ: "ಹ್ವಾಯ್ ಮುತ್ತ, ನಂದೂ ಒಂದ್ ಚೂರ್ ಕುಡಿ ಮಾರಾಯ. ಮೇಲ್ ಹೋಯಿ, ಮಂಜ ನೀರ್ ಕೊಡ್ಲಿಲ್ಲೆ ಅಂದ್ ಹೇಳ್ಬೇಡ."

ಮುತ್ತ ಕೆಮ್ಮಿದ. "ಕಂಡ್ಯಾ, ಜೀವ ಬಂತ್!" ಎಂದು ಪದ್ದಕ್ಕ ಇನ್ನೊಂದು ಚಮಚ ಬಿಟ್ಟರು.

ಆಮೇಲೆ ಮುತ್ತನಿಗೆ ನಿಜವಾಗಿಯೂ ಎಚ್ಚರವಾಯಿತು, ಅದರ ಹಿಂದೆಯೇ ಜ್ವರವೂ ಬಂತು. ಎಚ್ಚರವಿಲ್ಲದವನಿಗೆ ಕುಡಿಸಿದ್ದು ಹೊಟ್ಟೆಗೆ ಹೋಗದೆ ಎದೆಗೆ ಇಳಿಯುತ್ತದೆ ಎಂದು ತಾವು ಗದರಿದಿರಿ. ತಲೆ ತಗ್ಗಿಸಿ ಕೇಳಿದೆವು. ಆದರೆ ಮೊದಲೇ ಹೇಳಲು ಏನಾಗಿತ್ತು, ಮಾನ್ಯರೇ? ಉಗುಳಬಾರದು, ಬೀಡಿ ಸೇದಬಾರದು, ಗದ್ದಲ ಮಾಡಬಾರದು ಎಂದೆಲ್ಲ ಗೋಡೆಯ ಮೇಲೆ ಬರೆಸಿದ್ದೀರಿ. ಇದನ್ನೊಂದು ಬರೆಸುವಷ್ಟರಲ್ಲಿ ಬಣ್ಣ ಮುಗಿಯಿತೇ?

ಇನ್ನೊಂದು ಮಾತು. ಪಕ್ಕದ ಹಾಸಿಗೆಯಲ್ಲಿ ವಂಡ್ಸೆಯ ಭೋಜರಾಜ ಶೆಟ್ಟರಿದ್ದಾರೆ, ಎತ್ತರಕ್ಕೆ ಒಟ್ಟಿದ ಹುಲ್ಲಿನ ಕುತ್ತರಿಯ ಮೇಲಿಂದ ಬಿದ್ದು ತಲೆಗೆ ಪೆಟ್ಟಾದವರು. ಅವರ ಬಾಯಿಗೆ ನಮ್ಮವರು ಒಂದು ಹನಿಯನ್ನೂ ಬಿಟ್ಟಿಲ್ಲ. ಮತ್ತೆ ಅವರಿಗೂ ಅದೇ ಜ್ವರ, ಅದೇ ಕಫ ಹೇಗೆ ಬಂತು? ಅಂಗಾತ ಮಲಗಿದವರನ್ನು ಮಗ್ಗುಲು ತಿರುಗಿಸದಿದ್ದರೆ ಕಫ ಎದೆಯಲ್ಲೇ ಕಟ್ಟಿ ಕೊಳೆಯುತ್ತದೆ ಎಂದವರು ತಮ್ಮದೇ ಆಸ್ಪತ್ರೆಯ ಪ್ರಭಾವತಿ ಸಿಸ್ಟರ್. ಪಾಪ, ಇಡೀ ವಾರ್ಡಿಗೆ ಅವರೊಬ್ಬರೇ. ಅದಕ್ಕೇ ಅವರು ವನಜಳಿಗೆ ಎಲ್ಲ ಕಲಿಸಿದರು: ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸುವುದು, ಒರಗಿಸಿ ಕೂರಿಸಿ ಬೆನ್ನು ತಟ್ಟುವುದು, ಪೂರ್ತಿ ಎಚ್ಚರವಿದ್ದರೆ ಮಾತ್ರ ಗಂಜಿ. ಅವಳು ನೋಡಿಕೊಂಡಷ್ಟು ದಿನ ಜ್ವರ ಇಳಿಯುತ್ತ ಬಂದಿತ್ತು.

ಅಷ್ಟರಲ್ಲಿ ತಮ್ಮ ಆಜ್ಞೆ ಹೊರಟಿತು: ಬೀಜಾಡಿಯವರು ಯಾರೂ ಒಳಗೆ ಬರಕೂಡದು! ಬೆಕ್ಕು ಹಾಲು ಕುಡಿಯಿತೆಂದು ಬೆಕ್ಕನ್ನು ಓಡಿಸುತ್ತಿದ್ದವಳನ್ನೇ ಹೊರಗೆ ಹಾಕುವ ನ್ಯಾಯ ಯಾವ ಶಾಸ್ತ್ರದಲ್ಲಿದೆ?

ನಮ್ಮನ್ನು ಬಿಡಬೇಡಿ. ಪದ್ದಕ್ಕನನ್ನಂತೂ ದೇವರಾಣೆಗೂ ಬಿಡಬೇಡಿ. ಆದರೆ ವನಜಳೊಬ್ಬಳನ್ನು ಇವತ್ತೇ ಒಳಗೆ ಬಿಡಿ. ಗಂಡಸರ ವಾರ್ಡು, ಹೆಂಗಸರು ನಿಲ್ಲಬಾರದು ಎಂದು ತಾವು ಈಗ ಹೊಸದಾಗಿ ತೆಗೆದಿರುವ ನಿಯಮವನ್ನು ಮುತ್ತ ಎದ್ದು ಕೂತ ಮೇಲೆ ನಮಗೆ ಓದಿ ಹೇಳಿ, ಕೇಳುತ್ತೇವೆ. ನಿನ್ನೆ ಅವಳು ಹೊರಗಿನಿಂದ ಕಿಟಕಿಯ ಸರಳು ಹಿಡಿದು, "ಹ್ವಾಯ್, ಎಡಕ್ಕೆ ತಿರ್ಗಿ, ಒಂಚೂರ್ ತಿರ್ಗಿ!" ಎಂದು ಕೂಗುತ್ತಿದ್ದಳು. ಮುತ್ತ ತಿರುಗಲು ನೋಡಿದ. ಆಗಲಿಲ್ಲ. ವನಜಳಿಗೂ ಅವನ ಹಾಸಿಗೆಗೂ ನಡುವೆ ಗೋಡೆ ದೊಡ್ಡದಲ್ಲ, ಮಾನ್ಯರೇ, ತಮ್ಮ ಆಜ್ಞೆ ದೊಡ್ಡದು.

ಇಂತಿ,
ಒಳಗೆ ಬಿಡಬಾರದವರಲ್ಲಿ ತಾನೂ ಒಬ್ಬನೆಂದು ಒಪ್ಪುವ,
ಬೀಜಾಡಿಯ ಉಮಾನಾಥ