ಎಡಕ್ಕೆ ತಿರುಗಿದ ಕೋಲಾಟ

೧೧ ಡಿಸೆಂಬರ್, ಗುರುವಾರ

ಹೆಬ್ಬೆರಳು ಊದಿಕೊಂಡಿದೆ, ಪೆನ್ನು ಹಿಡಿಯಲಾಗುತ್ತಿಲ್ಲ.

ನನ್ನ ಜೋಡಿ ಅನಂತಲಕ್ಷ್ಮಿ ಮಂಡಿನೋವೆಂದು ಮನೆಯಲ್ಲೇ ಕೂತಳು. ಜೋಡಿಯಿಲ್ಲದೆ ಕೋಲಾಟವೆಲ್ಲಿ? ಭಾನುವಾರದ ಹೇರೋಹಳ್ಳಿ ಕೆರೆ ಹಬ್ಬದಿಂದ ನಮ್ಮ ಗುಂಪಿನ ಹೆಸರು ತೆಗೆಸುವುದೇ ಗತಿ ಎಂದುಕೊಂಡಿದ್ದೆ. ಆಗ, ದಿನಾ ಪಾರ್ಕಿನ ಬೆಂಚಿನ ಮೇಲೆ ಕೂತು ನಮ್ಮನ್ನೇ ನೋಡುವ ದಾನಮ್ಮನನ್ನು ಕರೆದೆ. ರಾಯಚೂರು ಕಡೆಯವಳು, ನಮ್ಮ ಬಡಾವಣೆಗೆ ಹೊಸಬಳು. ಮೊದಲ ಸುತ್ತಿಗೇ ನನ್ನ ಬೆರಳಿಗೆ ಬಾರಿಸಿದಳು.

“ಏನೇ, ಕಣ್ಣು ಊರಲ್ಲೇ ಬಿಟ್ಟು ಬಂದ್ಯಾ?”

“ತಪ್ಪಾತ್ರಿ ಅಮ್ಮಾರ. ನಮ್ಮೂರಾಗ ಎಡಕ್ಕ ತಿರಗತೀವ್ರಿ.”

ಕೋಲು ಕೆಳಗಿಟ್ಟು ಹೊರಟೇಬಿಟ್ಟಳು. ಆ ಸಪ್ಪೆ ಮುಖ ನೋಡಲಾಗಲಿಲ್ಲ.

“ನಿಂತ್ಕೊಳ್ಳೇ! ನಾವೇ ಎಡಕ್ಕೆ ತಿರುಗ್ತೀವಿ.”

ಉಳಿದವರು ಗೊಣಗಿದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಆಮೇಲೆ ನಕ್ಕುಬಿಟ್ಟರು. ಕತ್ತಲಾಗುವ ಹೊತ್ತಿಗೆ ಆಟ ಕೂಡಿಬಂತು. ಅನಂತಲಕ್ಷ್ಮಿಯ ಕೈಯಲ್ಲಿ ಕೋಲು ಯಾವತ್ತೂ ಇಷ್ಟು ಗಟ್ಟಿಯಾಗಿ ಸದ್ದು ಮಾಡಿರಲಿಲ್ಲ.

“ನಾಳಿಗೂ ಬರ್ತೀನ್ರಿ” ಎಂದಳು ದಾನಮ್ಮ. ಬರಲಿ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೋಗುತ್ತೇನೆ. ಅಯ್ಯೋ, ಊತಕ್ಕೆ ಹಚ್ಚಿದ ಅರಿಶಿನ ಪೆನ್ನಿಗೆಲ್ಲ ಮೆತ್ತಿಕೊಂಡಿತು!