ನಿನ್ನ ಐರನ್ ಸೆಟ್ಟು ವಾಪಸ್ ಒಯ್ದಿದ್ದೇನೆ

ಅಣ್ಣಾ,

ಹುಡುಕಬೇಡ. ನಿನ್ನ ಗಾಲ್ಫ್ ಐರನ್‌ಗಳನ್ನು, ಆ ಕಬ್ಬಿಣದ ತಲೆಯ ಕೋಲುಗಳನ್ನು, ನಾನು ಕೆಲಸ ಮಾಡುವ ನಮ್ಮ ಅಂಗಡಿಗೇ ವಾಪಸ್ ಕೊಡಲು ಹೊರಟಿದ್ದೇನೆ. ಕೋಪ ಆಮೇಲೆ ಮಾಡಿಕೊ, ಮೊದಲು ಓದು.

ಅವು ತೀರಿಹೋದವರೊಬ್ಬರವು. ಅದನ್ನು ನಿನಗೆ ಹೇಳದೆ ಕೊಡಿಸಿದ್ದು ನನ್ನ ತಪ್ಪು. ಏಳನೇ ನಂಬರಿನ ಕೋಲಿನ ಹಿಡಿಯಲ್ಲಿ ಎಡಗೈ ಕಿರುಬೆರಳಿನ ಜಾಗ ಮಾತ್ರ ಸವೆದಿರಲಿಲ್ಲ. ಅವರಿಗೆ ಆ ಬೆರಳೇ ಇರಲಿಲ್ಲವಂತೆ. ಸೋಮವಾರ ನಾನೇ ಹಳೆ ರಬ್ಬರ್ ಕಿತ್ತು ಹೊಸದು ಹಾಕಿದೆ. ಇವತ್ತು ನೋಡಿದರೆ ಹೊಸದೂ ಹಾಗೆಯೇ ಸವೆದಿದೆ, ಅದೇ ಜಾಗ ಬಿಟ್ಟು.

ಈ ವಾರ ನೀನು ಒಂದು ಚೆಂಡನ್ನೂ ಕಳೆದಿಲ್ಲ. ಕೇಳಿದರೆ, "ಕೈ ತಾನಾಗೇ ಹೋಗುತ್ತೆ ಕಣೇ" ಅಂದೆ. ನಿನ್ನೆ ಚಹಾ ಕುಡಿಯುವಾಗ ನಿನ್ನ ಎಡಗೈ ಕಿರುಬೆರಳು ಮಡಚಿಕೊಂಡಿತ್ತು. ಬಿಚ್ಚು ಅಂದೆ. ನೀನು ನಕ್ಕೆ, ಬೆರಳು ಬಿಚ್ಚಲಿಲ್ಲ.

ಬಾಗಿಲ ಹಿಂದೆ ಹೊಸ ಸೆಟ್ಟು ಇಟ್ಟಿದ್ದೇನೆ. ತಲೆ ಅಗಲ, ತಳ ದಪ್ಪ. ನಿನ್ನಂತೆ ಸುಮಾರಾಗಿ ಆಡುವವರಿಗೆಂದೇ ಮಾಡಿದ್ದು, ತಪ್ಪಿ ಹೊಡೆದರೂ ಚೆಂಡು ಮೇಲೇಳುತ್ತದೆ. ಸಂಜೆ ಇದರಲ್ಲೇ ಆಡು. ಎಂದಿನಂತೆ ಪೊದೆಗಳಿಗೆ ನಾಲ್ಕು ಚೆಂಡು ಉಣಿಸಿ, ಗಾಳಿಯನ್ನು ಬೈದುಕೊಳ್ಳುತ್ತಾ ಬಾ.

ಆ ಬೈಗುಳ ಕಿವಿಗೆ ಬಿದ್ದ ಮೇಲೆಯೇ ಮನೆ ಬಾಗಿಲ ಚಿಲಕ ತೆಗೆಯುತ್ತೇನೆ.