ಹಗ್ಗ ಕೈ ಬದಲಾಯಿಸಿದ ದಿನ

೧೯ ಆಗಸ್ಟ್ ೧೯೨೩, ಭಾನುವಾರ

ಬೆಳಗ್ಗೆ ಎರಡು ದನ ನೋಡಿ ಬಂದೆ. ಒಂದಕ್ಕೆ ಕೆಚ್ಚಲು ಬಾವು, ಇನ್ನೊಂದಕ್ಕೆ ಹೊಟ್ಟೆಯುಬ್ಬರ. ಕೂಲಿಗೆ ಮೂರು ಮೊಟ್ಟೆ. ಸಂಜೆಗೇ ಬೆಲೆ ಕಳೆದುಕೊಳ್ಳುವ ನೋಟು ಕೊಡಲಿಲ್ಲ, ಪುಣ್ಯ. ತಂಗಿ ಗ್ರೇಟೆಗೆ ಬರೆದ ಕಾಗದ ಎಂಟು ದಿನದಿಂದ ಮೇಜಿನ ಮೇಲೇ ಇದೆ. ಅಂಚೆ ಕಚೇರಿ ಮುಟ್ಟುವಷ್ಟರಲ್ಲಿ ಸ್ಟ್ಯಾಂಪಿನ ಬೆಲೆ ಬೇರೆಯಾಗಿರುತ್ತದೆ. ಇನ್ನು ಅವಳಿಗೆ ಹೇಳುವುದನ್ನೆಲ್ಲ ಈ ಪುಸ್ತಕಕ್ಕೇ ಹೇಳುವುದು.

ಗರಗಸದ ಮಿಲ್ ಮುಚ್ಚಿದ ಮೇಲೆ ಅಳಿಯ ಎವಾಲ್ಡ್ ಮನೆಯಲ್ಲೇ. ಮೊಮ್ಮಗಳು ಹಿಲ್ಡೆಗೆ ಒಂದೂವರೆ ವರ್ಷ. ಇನ್ನೂ ನಿಲ್ಲುವುದಿಲ್ಲ. ಕಾಲು ಬಿಲ್ಲಿನ ಹಾಗೆ ಬಾಗಿದೆ. ಹಾಲಿಲ್ಲ, ಅಷ್ಟೇ. ಇದಕ್ಕೆ ಬೇರೆ ವೈದ್ಯ ಬೇಕಿಲ್ಲ.

೨ ಸೆಪ್ಟೆಂಬರ್

ಎವಾಲ್ಡ್ ಒಂದು ಕ್ಯಾನ್ ಹಾಲು ತಂದ. ದಿನವೂ ಬರುತ್ತದಂತೆ. ಯಾರು ಕೊಟ್ಟದ್ದು ಎಂದೆ.

"ಪಾರ್ಟಿಯೋರು. ಯಾರದಾದ್ರೇನು ಮಾವ, ಬೆಳ್ಳಗಿದೆಯಲ್ಲ?"

ಮಗಳು ಅನೆಲೀಸ್ ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತು! ಮಗು ಕುಡಿಯಿತು.

೧೧ ಸೆಪ್ಟೆಂಬರ್

ಹೆಂಡದಂಗಡಿಯಲ್ಲಿ ಎವಾಲ್ಡ್ ಬೆಂಚಿನ ಮೇಲೆ ಹತ್ತಿ ನಿಂತು ಪಾರ್ಟಿಯ ಪರವಾಗಿ ಮಾತಾಡಿದ.

"ನಮ್ಮ ಹನ್ನೊಂದು ಹಸು ಯಾರು ತಗೊಂಡ್ರು?"

"ಫ್ರೆಂಚರು," ಎಂದ ಕಮ್ಮಾರ.

"ಫ್ರೆಂಚರ ಮೀಸೆನಾದ್ರೂ ನೋಡಿದೀಯೇನಯ್ಯ? ಹಗ್ಗ ಯಾರ ಕೈಲಿತ್ತು?"

"ಮಾಯರ್ ಕೈಲಿ..."

"ಹಗ್ಗ ಕೈ ಬದಲಾಯ್ತು ಅಂದ್ರೆ ಏನರ್ಥ ನಮ್ಮೂರಲ್ಲಿ?"

ಎಲ್ಲರಿಗೂ ಗೊತ್ತು. ಹಗ್ಗ ದಾಟಿತೆಂದರೆ ವ್ಯಾಪಾರ ಮುಗಿಯಿತು.

ಆದರೆ ಆ ದಿನ ನಡೆದದ್ದು ವ್ಯಾಪಾರವಲ್ಲ. ಬರೆದಿಡುತ್ತೇನೆ. ಮೂರು ವರ್ಷದ ಹಿಂದೆ. ನಾವು ಯುದ್ಧ ಸೋತದ್ದಕ್ಕೆ ದಂಡವಾಗಿ ಫ್ರೆಂಚರಿಗೆ ಕರೆಯುವ ಹಸುಗಳನ್ನೂ ಕೊಡಬೇಕೆಂದು ಒಪ್ಪಂದ. ನಮ್ಮೂರ ಪಾಲಿಗೆ ಹನ್ನೊಂದು. ಆರಿಸಿದವನು ನಾನು. ಪಕ್ಷಪಾತ ಎನ್ನಬಾರದೆಂದು ಮೊದಲು ಮಗಳ ಮದುವೆಗೆ ಕೊಟ್ಟ ಹಸುವನ್ನೇ ಬರೆದೆ. ಎವಾಲ್ಡ್ ಅದನ್ನು ಮರೆತಿಲ್ಲ. ತಮ್ಮ ಹಸುವನ್ನು ತಾವೇ ಸ್ಟೇಷನ್ನಿಗೆ ಹೊಡೆದುಕೊಂಡು ಹೋಗಲು ಯಾರಿಗೂ ಕಾಲು ಏಳಲಿಲ್ಲ. ಯೆಹೂದಿ ದನದ ವ್ಯಾಪಾರಿ ಮಾಯರ್ ಷ್ಟೆರ್ನ್‌ನನ್ನು ನಾವೇ ಬೇಡಿಕೊಂಡೆವು. ಅವನೂ ಅಳುತ್ತಲೇ ಬಂದ. ಹೆಂಗಸರು ಗೋಳಾಡುತ್ತಿದ್ದರು. ಮೊದಲ ಹಗ್ಗ ಅವನ ಕೈಗೆ ದಾಟಿದಾಗ ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು: "ಮಾಸೆಲ್ ಉನ್ ಬ್ರೋಖೆ!" ಯೆಹೂದಿ ವ್ಯಾಪಾರಿಗಳ ಮಾತು, ಸಂತೆಯಲ್ಲಿ ನಾವೆಲ್ಲರೂ ಆಡುವುದು. ಅದೃಷ್ಟವೂ ಆಶೀರ್ವಾದವೂ ಇರಲಿ ಎಂದು. ಕೈಗೆ ಕೈ ತಟ್ಟಿ ಇದೊಂದು ಹೇಳಿದರೆ ಪಾದ್ರಿ ಮುಂದೆ ಆಣೆ ಇಟ್ಟ ಹಾಗೆ. ನಲವತ್ತು ವರ್ಷದ ಅಭ್ಯಾಸ. ಅಳುವವರು ಒಂದು ಗಳಿಗೆ ನಕ್ಕರು.

ಇವತ್ತು ಎವಾಲ್ಡ್ ಅದೇ ಮಾತು ನೆನಪಿಸಿದಾಗ ಯಾರೂ ನಗಲಿಲ್ಲ.

೨೩ ಸೆಪ್ಟೆಂಬರ್

ಊಟವಾದ ಮೇಲೆ ಎವಾಲ್ಡ್ ಕಾಗದ ತಂದ. ಪಕ್ಕದಲ್ಲಿ ಪೇಟೆಯಿಂದ ಬಂದ ಪಾರ್ಟಿಯ ಒಬ್ಬ ಮನುಷ್ಯ, ಒಳ್ಳೆಯ ಬೂಟು.

"ಮಾವ, ಹಸು ಕೊಟ್ಟ ದಿನ ಆ ಮಾಸೆಲ್ ಮಾತು ನೀವು ಹೇಳಿದ್ರೋ ಇಲ್ವೋ?"

"ಹೇಳಿದೆ. ಬಾಯಿತಪ್ಪಿ. ಮಾರಾಟ ಆಗಿರ್ಲಿಲ್ಲ."

"ಹಾಗೇ ಬರ್ಕೊಂಡಿದೀನಿ. ಕೇಳಿ." ಓದಿದ. "ಬಾಯಿತಪ್ಪಿ" ಕೇಳಿಸಿತು. "ಮಾರಾಟವಲ್ಲ" ಅದೂ ಕೇಳಿಸಿತು. ಕನ್ನಡಕ ದನದ ಕೊಟ್ಟಿಗೆಯಲ್ಲಿತ್ತು. ಹೆಚ್ಚು ಶಾಲೆಗೆ ಹೋದವನಲ್ಲ, ಬೇರೆಯವರ ಅಕ್ಷರ ನನಗೆ ನಿಧಾನ. ಅಳಿಯನಲ್ಲವೇ ಎಂದು ರುಜು ಹಾಕಿದೆ.

೩೦ ಸೆಪ್ಟೆಂಬರ್

ಇಗರ್ಜಿಯ ಗೋಡೆಗೆ ಅಚ್ಚಾದ ಹಾಳೆ. ಕನ್ನಡಕ ಹಾಕಿಯೇ ಓದಿದೆ. ಎರಡು ಸಲ.

"ಊರಿನ ಹಸುಗಳನ್ನು ಯೆಹೂದಿಗೆ ಮಾರುವಾಗ ವ್ಯಾಪಾರದ ಮಾತು ಆಡಿದವನು ನಾನೇ — ಫೆಲ್ಟನ್ ರುಪ್, ದನದ ವೈದ್ಯ." ಕೆಳಗೆ ನನ್ನ ರುಜು. ಬಾಯಿತಪ್ಪಿದ್ದು ಎಲ್ಲಿಯೂ ಇಲ್ಲ.

"ಏನೋ ಇದು?" ಎಂದು ಎವಾಲ್ಡ್‌ನನ್ನು ಕೇಳಿದೆ.

"ನೀವೂ ನನ್ನ ಹಸುವಿನ ಹೆಸರು ಮೊದಲು ಬರೆದ್ರಿ ಮಾವ. ನನ್ನ ಕೇಳಿದ್ರಾ?"

ಕೇಳಿರಲಿಲ್ಲ.

೪ ಅಕ್ಟೋಬರ್, ಗುರುವಾರ

ಮಾಯರ್ ಮನೆಯ ಕಿಟಕಿಗಳಿಗೆ ಗಾಜಿಲ್ಲ. ಹಲಗೆ ಬಡಿದಿದ್ದಾರೆ. ಅವನ ಹೆಂಡತಿ ಯೆಟ್ಟ್‌ಖೆನ್ ನನ್ನನ್ನು ಒಳಗೆ ಕರೆಯಲಿಲ್ಲ. ಮಾಯರನೇ ಹೊರಗೆ ಬಂದ.

"ಏನು ಫೆಲ್ಟನ್, ಯಾವ ಹಸುಗೆ ಕಾಯಿಲೆ?"

"ಹಸುಗಲ್ಲ ಮಾರಾಯ..."

"ಗೊತ್ತು ಬಿಡು. ನಂಗೆ ನಿನ್ನ ಕ್ಷಮೆ ಬೇಡ. ನಿನ್ನ ಬಾಯಿ ಬೇಕು. ಭಾನುವಾರ ಜನ ಇಗರ್ಜಿಯಿಂದ ಹೊರಗೆ ಬರ್ತಾರಲ್ಲ, ಆಗ ಲಿಂಡನ್ ಮರದ ಕೆಳಗೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿಬಿಡು. ನಾನೂ ಬರ್ತೀನಿ. ಸೋಮವಾರ ಮನೆಗೇ ಬೆಂಕಿ ಇಡ್ತೀವಿ ಅಂದಿದಾರೆ."

"ಬರ್ತೀನಿ."

"ಖಂಡಿತಾ?"

ಕೈ ಚಾಚಿದೆ. ಅವನು ನನ್ನ ಕೈ ನೋಡಿದ. ತಟ್ಟಲಿಲ್ಲ.

"ಬಾ ಸಾಕು," ಎಂದ.

೬ ಅಕ್ಟೋಬರ್

ಅನೆಲೀಸ್‌ಗೆ ಹೇಗೋ ತಿಳಿದಿದೆ. ಬಟ್ಟೆ ಒಗೆಯುತ್ತ, ತಲೆಯೆತ್ತದೆ ಹೇಳಿದಳು:

"ಅಪ್ಪ, ನೀನು ಅಲ್ಲಿ ಬಾಯಿ ತೆಗೆದ್ರೆ ನಾಳಿದ್ದಿಂದ ಹಾಲು ಬರಲ್ಲ."

"ನಿನ್ನ ಗಂಡ ಹೇಳಿಕೊಟ್ನಾ?"

"ಯಾರಾದ್ರೂ ಹೇಳಿಕೊಡ್ಬೇಕಾ? ನಿನ್ನೆ ಗೋಡೆ ಹಿಡ್ಕೊಂಡು ನಿಂತ್ಲು. ಹಿಲ್ಡೆ ನಿಂತ್ಲು, ಅಪ್ಪ."

ನಾನೂ ನೋಡಿದ್ದೆ. ಮೂರು ಎಣಿಸುವಷ್ಟು ಹೊತ್ತು.

೭ ಅಕ್ಟೋಬರ್, ಭಾನುವಾರ, ಹತ್ತೂಮುಕ್ಕಾಲು

ಕೋಟು ಹಾಕಿಕೊಂಡಿದ್ದೇನೆ. ಬಾಗಿಲಿಗೆ ಚಿಲಕ ಹಾಕಿಲ್ಲ. ಯಾರೂ ತಡೆಯುತ್ತಿಲ್ಲ. ಎವಾಲ್ಡ್ ಇಗರ್ಜಿಯಲ್ಲಿ. ಅನೆಲೀಸ್ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಬಟ್ಟಲು ಹಿಡಿದಿದ್ದಾಳೆ. ನನ್ನತ್ತ ನೋಡುತ್ತಿಲ್ಲ.

ಕಿಟಕಿಯಿಂದ ಮರ ಕಾಣುತ್ತದೆ. ಮಾಯರ್ ಬಂದಿದ್ದಾನೆ. ಹಬ್ಬದ ಕಪ್ಪು ಕೋಟು. ಟೋಪಿ ಕೈಯಲ್ಲಿ. ಪಕ್ಕದಲ್ಲಿ ಯಾರೂ ಇಲ್ಲ.

ಗಂಟೆ ಹೊಡೆಯಿತು. ಇಗರ್ಜಿಯ ಬಾಗಿಲು ತೆರೆದರು. ಜನ ಮೆಟ್ಟಿಲಿಳಿಯುತ್ತಿದ್ದಾರೆ. ಕಮ್ಮಾರ ಮುಂದೆ. ಆಮೇಲೆ ಎವಾಲ್ಡ್. ಮಾಯರನನ್ನು ಕಂಡು ನಿಂತರು.

ಮಾಯರ್ ಅವರನ್ನು ನೋಡುತ್ತಿಲ್ಲ. ನಮ್ಮ ಮನೆಯ ಬಾಗಿಲು ನೋಡುತ್ತಿದ್ದಾನೆ.

ಹೋಗುತ್ತೇನೆ. ಈ ಸಾಲು ಮುಗಿಸಿ ಏಳುತ್ತೇನೆ. ಇದೊಂದು ಸಾಲು